ಕಚೇರಿಗೂ ಬೇಕು ಒಂದು ಅಪಘಾತದ ಪುಸ್ತಕ

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಒಬ್ಬ ಕಾರ್ಮಿಕನ ಕಾಲಿಗೆ ಪೆಟ್ಟಾಗಿ, ಅವನು ಒಂದು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಬರಲಾಗದಿದ್ದರೆ ಅದನ್ನು ಬರೆದಿಡಬೇಕು. 1952ರ ಗಣಿ ಕಾಯ್ದೆ ಹಾಕಿಕೊಟ್ಟ ಪದ್ಧತಿ ಅದು: 24 ಗಂಟೆ ಮೀರಿದ ಗೈರುಹಾಜರಿಗೆ ಕಾರಣವಾದ ಗಾಯ ರಿಜಿಸ್ಟರಿಗೆ ಏರಬೇಕು, ಅಪಘಾತ ದೊಡ್ಡದಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ವರದಿ ಹೋಗಬೇಕು. ಅದೇ ತಾಲ್ಲೂಕಿನ ಯಾವುದಾದರೂ ಕಚೇರಿಯಲ್ಲಿ ಜವಾನನೊಬ್ಬ ಅಲ್ಮಾರಿಯ ನೆತ್ತಿಯ ಮೇಲಿನ ಕಡತ ಇಳಿಸಲು ಚಕ್ರದ ಕುರ್ಚಿ ಹತ್ತಿ, ಅದು ಸರಿದು, ಬಿದ್ದು ಮಣಿಕಟ್ಟು ಮುರಿದುಕೊಂಡರೆ ಏನು ದಾಖಲಾಗುತ್ತದೆ? ಒಂದು ರಜೆ ಚೀಟಿ ಮಾತ್ರ. ಅದರಲ್ಲೂ ‘ಅನಾರೋಗ್ಯ’ ಎಂದಷ್ಟೇ ಇರುತ್ತದೆ. ಕುರ್ಚಿ ಅಲ್ಲೇ ಉಳಿಯುತ್ತದೆ, ಕಡತದ ಗಂಟು ಅಲ್ಮಾರಿಯ ಮೇಲೆಯೇ ಉಳಿಯುತ್ತದೆ, ಅವನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಇನ್ನೊಬ್ಬರು ಅದೇ ಕುರ್ಚಿ ಹತ್ತಿರುತ್ತಾರೆ. ನೆಲದಾಳದಲ್ಲಿ ಬಂಡೆ ಒಡೆಯುವವನ ಗಾಯಕ್ಕೆ ಏಳು ದಶಕಗಳಿಂದ ಲೆಕ್ಕವಿದೆ, ಮೇಲೆ ಫ್ಯಾನಿನ ಕೆಳಗೆ ಕೂತವನ ಗಾಯಕ್ಕೆ ಇಲ್ಲ. ಕಚೇರಿಗಳಲ್ಲಿ ಜನ ಬೀಳುವುದು, ಶಾಕ್ ಹೊಡೆಸಿಕೊಳ್ಳುವುದು, ಕೈ ಜಜ್ಜಿಕೊಳ್ಳುವುದು ನಿಲ್ಲದಿರುವುದಕ್ಕೆ ಅವರ ಅಜಾಗರೂಕತೆ ಮೂಲ ಕಾರಣವಲ್ಲ. ಆದದ್ದನ್ನು ಯಾರೂ ಬರೆದಿಡದೆ ಇರುವುದು ಮೂಲ ಕಾರಣ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪ್ರತಿ ಕಚೇರಿಯಲ್ಲೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಒಂದು ಅಪಘಾತದ ಪುಸ್ತಕ ಇರಬೇಕು, ಮತ್ತು ಆ ಪುಸ್ತಕಕ್ಕೂ ದುರಸ್ತಿಯ ಹಣಕ್ಕೂ ನೇರ ಸಂಬಂಧ ಇರಬೇಕು ಎಂಬುದು ನನ್ನ ವಾದ.

ಲೆಕ್ಕ ಇಟ್ಟ ಕಡೆ ಏನು ಕಂಡಿದೆ ಎಂದು ಮೊದಲು ನೋಡೋಣ. ಬ್ರಿಟನ್ನಿನಲ್ಲಿ ಕೆಲಸದ ಸ್ಥಳದ ಗಾಯಗಳನ್ನು ಉದ್ಯೋಗದಾತರು ಕಡ್ಡಾಯವಾಗಿ ವರದಿ ಮಾಡಬೇಕು. ಅಲ್ಲಿ ವರದಿಯಾಗುವ, ಸಾವಿಗೆ ತಿರುಗದ ಗಾಯಗಳಲ್ಲಿ ಸುಮಾರು ಹತ್ತಕ್ಕೆ ಮೂರು ಸಮತಟ್ಟು ನೆಲದ ಮೇಲೆ ಜಾರಿ, ಎಡವಿ ಬಿದ್ದವು. ದೊಡ್ಡ ಯಂತ್ರ, ಸ್ಫೋಟ, ಬೆಂಕಿ ಇವೆಲ್ಲಕ್ಕಿಂತ ಮುಂದೆ ನಿಂತಿರುವುದು ಒದ್ದೆ ನೆಲ, ಅಡ್ಡ ಬಿದ್ದ ವೈರು, ಎದ್ದುನಿಂತ ಹಾಸುಗಲ್ಲಿನ ಅಂಚು. ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ, ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಇದಕ್ಕೇ. ನಮ್ಮಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಅಪಘಾತದ ಸಾವುಗಳನ್ನು ಎಣಿಸುತ್ತದೆ, ಆದರೆ ಕಚೇರಿಯಲ್ಲಾದ ಗಾಯಗಳ ಪ್ರತ್ಯೇಕ ಲೆಕ್ಕ ಅಲ್ಲಿ ಸಿಗುವುದಿಲ್ಲ. ಸೊಂಟ ಮುರಿದು ಆರು ತಿಂಗಳು ಮಲಗಿದ ಗುಮಾಸ್ತ ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ‘ನಮ್ಮ ಕಚೇರಿಗಳಲ್ಲಿ ಅಪಘಾತವೇ ಆಗುವುದಿಲ್ಲ’ ಎಂಬ ಮಾತು ನಂಬಿಕೆಯೇ ಹೊರತು ಮಾಹಿತಿಯಲ್ಲ.

ಈಗ ಅಲ್ಮಾರಿಯನ್ನೇ ತೆಗೆದುಕೊಳ್ಳಿ. ಎಲ್ಲ ಕಚೇರಿಯಲ್ಲೂ ಇರುವ ಕಬ್ಬಿಣದ ಅಲ್ಮಾರಿ ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಆದರೆ ಆಳ ಮಾತ್ರ 19 ಇಂಚು. ಎತ್ತರಕ್ಕೆ ಹೋಲಿಸಿದರೆ ಬುಡ ತೀರಾ ಚಿಕ್ಕದು. 500 ಹಾಳೆಯ ಒಂದು ಎ4 ಕಾಗದದ ಕಟ್ಟು ಸುಮಾರು ಎರಡೂಕಾಲು ಕೆಜಿ ತೂಗುತ್ತದೆ. ಅಂಥ 20 ಕಟ್ಟಿನಷ್ಟು ಕಾಗದ ಒಂದು ಅರೆಯಲ್ಲಿ ಸುಲಭವಾಗಿ ಹಿಡಿಯುತ್ತದೆ, ಅಂದರೆ ಒಂದೇ ಅರೆಯಲ್ಲಿ 45 ಕೆಜಿ. ದಿನವೂ ಬೇಕಾಗುವ ಕಡತ ಕೈಗೆ ಸಿಗುವ ಎತ್ತರದಲ್ಲಿರಲಿ ಎಂದು ಮೇಲಿನ ಅರೆಗಳನ್ನು ತುಂಬಿ, ಕೆಳಗಿನದಕ್ಕೆ ಗೆದ್ದಲು ಹತ್ತೀತೆಂದು ಖಾಲಿ ಬಿಟ್ಟರೆ ಭಾರವೆಲ್ಲ ನೆತ್ತಿಗೇರುತ್ತದೆ. ಅದರ ಮೇಲೆ ಮತ್ತೆ ಹಳೆಯ ಬಸ್ತಾಗಳ ರಾಶಿ. ತಂಪು ತಾಗದಿರಲಿ ಎಂದು ಕಾಲಿನಡಿ ಇಟ್ಟಂಗಿ. ಇನ್ನು ನಮ್ಮ ನೆಲದ ಗುಣ ಬೇರೆ ಇದೆ. ಸಿಂಧನೂರು, ಮಸ್ಕಿ ಸುತ್ತಿನ ಬಹುಭಾಗ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಪಾಯ ಗಟ್ಟಿಯಿಲ್ಲದ ಕಟ್ಟಡದಲ್ಲಿ ಅದರ ಮೇಲೆ ಹಾಸಿದ ಶಹಾಬಾದ್ ಫರಸಿ ಒಂದು ಮೂಲೆಯಲ್ಲಿ ಏಳುತ್ತದೆ, ಇನ್ನೊಂದು ಮೂಲೆಯಲ್ಲಿ ಕುಸಿಯುತ್ತದೆ. ಹಾಕಿದ ದಿನ ನೆಟ್ಟಗಿದ್ದ ಅಲ್ಮಾರಿ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಮುಂದಕ್ಕೆ ವಾಲಿರುತ್ತದೆ. ಬಾಗಿಲು ತೆರೆದು, ಕೆಳಗಿನ ಅರೆಗೆ ಕಾಲಿಟ್ಟು ಮೇಲಕ್ಕೆ ಕೈಚಾಚಿದವರ ಮೇಲೆ ಅದು ಬೀಳುವುದಕ್ಕೆ ದುರದೃಷ್ಟ ಬೇಕಿಲ್ಲ, ತೂಕದ ಲೆಕ್ಕವೇ ಸಾಕು. ನಾಲ್ಕು ಡ್ರಾಯರಿನ ಫೈಲ್ ಕ್ಯಾಬಿನೆಟ್ ಕೂಡ ಹೀಗೆಯೇ. ಒಂದನ್ನು ಎಳೆದಾಗ ಇನ್ನೊಂದು ತೆರೆಯದಂತೆ ತಡೆಯುವ ಬೀಗದ ವ್ಯವಸ್ಥೆ ಒಳ್ಳೆಯ ಕ್ಯಾಬಿನೆಟ್ಟುಗಳಲ್ಲಿ ಇರುತ್ತದೆ. ಅಗ್ಗದವುಗಳಲ್ಲಿ ಇರುವುದಿಲ್ಲ, ಹಳೆಯವುಗಳಲ್ಲಿ ಕೆಟ್ಟಿರುತ್ತದೆ. ಮೇಲಿನ ಎರಡು ಡ್ರಾಯರು ಒಟ್ಟಿಗೆ ತೆರೆದರೆ ಇಡೀ ಪೆಟ್ಟಿಗೆ ಮುಗ್ಗರಿಸುತ್ತದೆ. ಭಾರವನ್ನು ಕೆಳಗಿನ ಅರೆಗೆ ಇಳಿಸುವುದು, ಹಿಂಬದಿಯಿಂದ ಗೋಡೆಗೆ ಎರಡು ಬೋಲ್ಟ್ ಹಾಕುವುದು, ಕೋಣೆಗೊಂದು ಹಿಡಿಕೆಯುಳ್ಳ ಮೆಟ್ಟಿಲಿನ ಏಣಿ ಇಡುವುದು: ಇಷ್ಟಾದರೆ ಈ ಅಪಾಯದ ಬಹುಪಾಲು ಮುಗಿಯಿತು.

ಅಲ್ಮಾರಿಗಿಂತ ನನ್ನನ್ನು ಹೆಚ್ಚು ಕಾಡುವುದು ಕೂಲರು. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ, ಕೂಲರಿಲ್ಲದೆ ಕೆಲಸ ಸಾಗದು. ಆದರೆ ಅದು ಏನು? ತಗಡಿನ ಪೆಟ್ಟಿಗೆ, ಒಳಗೆ ನೀರು, ಆ ನೀರಿನಲ್ಲಿ ಮುಳುಗಿದ ಪಂಪು, ಮತ್ತು 230 ವೋಲ್ಟಿನ ವಿದ್ಯುತ್ತು. ಪಂಪಿನ ವೈರಿನ ಹೊದಿಕೆ ಸವೆದರೆ ಇಡೀ ತಗಡಿನ ಮೈಗೆ ಕರೆಂಟ್ ಬರುತ್ತದೆ. ಬಕೆಟ್ಟಿನಿಂದ ನೀರು ತುಂಬುವವರು ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ, ಹಲವು ಸಲ ಬರಿಗಾಲಲ್ಲಿ ನಿಂತು ಆ ತಗಡನ್ನೇ ಮುಟ್ಟುತ್ತಾರೆ. ‘ಎಂಸಿಬಿ ಇದೆಯಲ್ಲ, ಬಿದ್ದುಬಿಡುತ್ತದೆ’ ಎಂಬ ಭರವಸೆ ಇಲ್ಲಿ ಕೆಲಸಕ್ಕೆ ಬಾರದು. ಎಂಸಿಬಿ ಕಾಯುವುದು ವೈರನ್ನು. 6 ಅಥವಾ 16 ಆಂಪಿಯರ್ ಮೀರಿ ಹರಿದರೆ ಮಾತ್ರ ಅದು ಬೀಳುತ್ತದೆ. ಮನುಷ್ಯನ ಎದೆಯ ಮೂಲಕ ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಹರಿದರೂ ಹೃದಯ ನಿಲ್ಲಬಹುದು. ಮನುಷ್ಯನನ್ನು ಕಾಯುವ ಸಾಧನ ಬೇರೆ, ಅದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್ ಸೋರಿಕೆ ಕಂಡೊಡನೆ ಕಣ್ಣು ಮಿಟುಕಿಸುವುದರೊಳಗೆ ವಿದ್ಯುತ್ತನ್ನು ಕಡಿಯುತ್ತದೆ. ಇನ್ನು ಅರ್ಥಿಂಗ್. ನೆಲದಲ್ಲಿ ಪೈಪು ಹೂತು, ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ಥಿಂಗ್ ಗುಂಡಿಯಲ್ಲಿ ತೇವ ಇದ್ದರಷ್ಟೇ ಅದು ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ, ಕುಗ್ಗಿ, ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಅಂದರೆ ಕೂಲರು ಹಗಲಿಡೀ ಓಡುವ ತಿಂಗಳುಗಳಲ್ಲೇ ಅರ್ಥಿಂಗ್ ಅತ್ಯಂತ ದುರ್ಬಲ. ಇಷ್ಟರ ಮೇಲೆ ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಮುರಿದುಹಾಕಿ ಎರಡು ವೈರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ಕಾಪಾಡಲು ಏನೂ ಉಳಿಯುವುದಿಲ್ಲ. ದೇಶದಲ್ಲಿ ವಿದ್ಯುತ್ ಆಘಾತಕ್ಕೆ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಿರುವುದನ್ನು ಅಪರಾಧ ದಾಖಲೆಗಳ ಬ್ಯೂರೋದ ವರದಿಗಳೇ ಹೇಳುತ್ತವೆ. ಮಾರ್ಚ್ ತಿಂಗಳಲ್ಲಿ ಕೂಲರನ್ನು ಹೊರತೆಗೆಯುವ ಮುನ್ನ ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಪಂಪು, ಪ್ಲಗ್ಗು, ಅರ್ಥಿಂಗ್ ನೋಡಿ ಸಹಿ ಹಾಕಬೇಕು. ನೀರು ತುಂಬುವಾಗ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು.

ಕುರ್ಚಿ, ಫ್ಯಾನುಗಳ ಕಥೆ ಇಷ್ಟು ದೀರ್ಘವಲ್ಲ. ಚಕ್ರದ ಕುರ್ಚಿಗೆ ಐದು ಕಾಲು ಇಟ್ಟಿರುವುದು ಅಂದಕ್ಕಲ್ಲ, ಹಿಂದಕ್ಕೆ ಒರಗಿದಾಗ ಮಗುಚದಿರಲಿ ಎಂದು. ಒಂದು ಚಕ್ರ ಹೋದ ಕುರ್ಚಿ ಅರ್ಧ ಕೆಟ್ಟ ಕುರ್ಚಿಯಲ್ಲ, ಪೂರ್ತಿ ಕೆಟ್ಟದ್ದು. ಪ್ಲಾಸ್ಟಿಕ್ ಕುರ್ಚಿ ಬಿಸಿಲಿಗೆ ಒಡ್ಡಿಕೊಂಡಷ್ಟೂ ಪೆಡಸಾಗುತ್ತದೆ. ಹೊರಗಿನಿಂದ ಏನೂ ಕಾಣದಿದ್ದರೂ ಕಾಲು ಕೂಡುವ ಕಡೆ ಬಿರುಕು ಬಿಟ್ಟಿರುತ್ತದೆ. ಒಳಗೆ ಬೇಡವಾದ ಇಂಥ ಕುರ್ಚಿಗಳೇ ವರಾಂಡಕ್ಕೆ ಬರುತ್ತವೆ, ಪಿಂಚಣಿಗೋ ಪಹಣಿಗೋ ಬಂದ ವಯಸ್ಸಾದವರು ಕೂರುವುದು ಅವುಗಳ ಮೇಲೆಯೇ ಎಂಬುದು ನೋವಿನ ಸಂಗತಿ. 70 ವರ್ಷದ ಅಜ್ಜಿಯ ತೊಡೆಮೂಳೆ ಮುರಿದರೆ ಆಕೆ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಚಾವಣಿಯ ಫ್ಯಾನು ತೂಗುವುದು ಒಂದು ಕೊಕ್ಕೆ, ಒಂದು ರಬ್ಬರ್ ಬುಷ್, ಒಂದು ಬೋಲ್ಟು ಮತ್ತು ಆ ಬೋಲ್ಟು ಕಳಚದಂತೆ ತಡೆಯುವ ಸಣ್ಣ ಪಿನ್ನಿನ ಮೇಲೆ. ಸ್ಲ್ಯಾಬು ಸೋರಿದರೆ ಕೊಕ್ಕೆಗೆ ತುಕ್ಕು. ಫ್ಯಾನು ಕುಲುಕಾಡಿ ಸದ್ದು ಮಾಡುವುದು ಅದರ ಸ್ವಭಾವವಲ್ಲ, ಎಚ್ಚರಿಕೆ. ಹಾಗೆಯೇ ‘ಕರೆಂಟ್ ಹೋಗಿದೆ’ ಎಂದು ಪ್ಲಗ್ ಪಾಯಿಂಟ್ ಬಿಚ್ಚಲು ಕೈಹಾಕುವವರು ಯುಪಿಎಸ್ಸಿನ ಕಡೆಯಿಂದ ಅದೇ 230 ವೋಲ್ಟ್ ಬರುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಕಾನೂನು ಇಲ್ಲಿ ಯಾರ ಪರ ನಿಂತಿದೆ? 1948ರ ಕಾರ್ಖಾನೆ ಕಾಯ್ದೆಯಡಿ ಸಿಂಧನೂರಿನ ಅಕ್ಕಿ ಗಿರಣಿಯಂಥ ಕಡೆ ಗಾಯಗೊಂಡವರು 48 ಗಂಟೆ ಕೆಲಸ ಮಾಡಲಾಗದಿದ್ದರೆ ನಿರೀಕ್ಷಕರಿಗೆ ತಿಳಿಸಬೇಕಿತ್ತು. 1923ರ ಪರಿಹಾರ ಕಾಯ್ದೆ ಕಾರ್ಮಿಕರಿಗೆ ಪರಿಹಾರದ ಹಕ್ಕು ಕೊಟ್ಟರೂ ಅದರ ಅನುಸೂಚಿಯ ಮುಖ್ಯ ಕಲಂಗಳು ಗುಮಾಸ್ತಿಕೆ ಮಾಡುವವರನ್ನು ಹೊರಗಿಟ್ಟಿದ್ದವು, ಆ ತಡೆ ತೆಗೆದದ್ದು 2009ರ ತಿದ್ದುಪಡಿ. ಮೇಜಿನ ಮುಂದೆ ಕೂತವನಿಗೆ ಏನಾದೀತು ಎಂಬ ಭಾವನೆ ಕಾನೂನು ಬರೆದವರಲ್ಲೂ 86 ವರ್ಷ ಇತ್ತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಖಾಸಗಿ ಕಚೇರಿಗಳಿಗೆ ಅನ್ವಯಿಸಿದರೂ ಸರ್ಕಾರಿ ಕಚೇರಿಗಳನ್ನು ಹೊರಗಿಟ್ಟಿತು. ಈಗ ಕೇಂದ್ರದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ವ್ಯಾಪಾರ, ವ್ಯವಹಾರದ ಸ್ಥಳಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಕೇಂದ್ರ, ರಾಜ್ಯ ಸರ್ಕಾರಗಳ ಕಚೇರಿಗಳಿಗೆ ಅದು ಅನ್ವಯಿಸುವುದಿಲ್ಲ, ಆ ಕಚೇರಿಗಳಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರಿಗೆ ಮಾತ್ರ ಅನ್ವಯಿಸುತ್ತದೆ. ಈ ಕೊನೆಯ ಮಾತನ್ನು ನಮ್ಮ ತಾಲ್ಲೂಕುಗಳಲ್ಲಿ ಗಟ್ಟಿಯಾಗಿ ಹೇಳಬೇಕಿದೆ. ತಹಶೀಲ್ದಾರ್ ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ರಾಜ್ಯದಲ್ಲಿ ನಡೆದಿದೆ. ಇಂಥ ಕೆಲಸಕ್ಕೆ ಹೊರಗುತ್ತಿಗೆಯ ಆಪರೇಟರುಗಳನ್ನು ಹಾಕಿಕೊಳ್ಳುವುದು ಸಾಮಾನ್ಯ. ದೂಳು ಹಿಡಿದ ಗಂಟುಗಳನ್ನು ಎತ್ತರದ ರ‍್ಯಾಕಿನಿಂದ ಇಳಿಸಿ, ಮತ್ತೆ ಏರಿಸುವ ಈ ಹುಡುಗ ಹುಡುಗಿಯರು ಏಣಿ ಕೇಳಿದರೆ ಅದು ಕಾನೂನಿನ ಹಕ್ಕು. ಅದೇ ಕೋಣೆಯ ಖಾಯಂ ಜವಾನನಿಗೆ ಆ ಹಕ್ಕಿಲ್ಲ ಎಂಬುದು ಅಸಂಗತ, ರಾಜ್ಯ ಸರ್ಕಾರ ಒಂದು ಸುತ್ತೋಲೆ ಹೊರಡಿಸಿದರೆ ನಿವಾರಣೆಯಾಗುವ ಅಸಂಗತ.

ಇದಕ್ಕೆ ಬರುವ ಮೊದಲ ಆಕ್ಷೇಪ, ಇದೆಲ್ಲ ಸಣ್ಣ ವಿಷಯ ಎಂಬುದು. ಗಿರಣಿಯ ಬೆಲ್ಟಿಗೆ ಕೈ ಸಿಕ್ಕುವ, ಟ್ರ್ಯಾಕ್ಟರ್ ಪಲ್ಟಿಯಾಗುವ ಊರುಗಳಲ್ಲಿ ಕುರ್ಚಿಯ ಚಕ್ರದ ಬಗ್ಗೆ ಲೇಖನ ಬೇಕೇ? ಗಿರಣಿ, ಟ್ರ್ಯಾಕ್ಟರುಗಳ ಅಪಾಯ ಹೆಚ್ಚೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿಯ ಅಪಾಯ ತಗ್ಗಿಸಲು ಯಂತ್ರ ಬದಲಿಸಬೇಕು, ರಸ್ತೆ ಬದಲಿಸಬೇಕು. ಇಲ್ಲಿ ಬೇಕಿರುವುದು ಎರಡು ಬೋಲ್ಟು, ಒಂದು ಏಣಿ, ಒಂದು ಆರ್‌ಸಿಸಿಬಿ. ಇಷ್ಟು ಕಡಿಮೆಯಲ್ಲಿ ತಪ್ಪಿಸಬಹುದಾದದ್ದನ್ನು ತಪ್ಪಿಸದಿರಲು ಬೇರೆಡೆಯ ದೊಡ್ಡ ಅಪಾಯ ನೆಪವಾಗಬಾರದು. ಎರಡನೆಯದು, ‘ನೋಡಿಕೊಂಡು ಓಡಾಡಿದರೆ ಆಯಿತು’ ಎಂಬ ಮಾತು. ಜವಾನ ಕುರ್ಚಿ ಹತ್ತಿದ್ದು ಏಣಿ ಇಲ್ಲದ್ದಕ್ಕೆ. ವೈರು ನಡುದಾರಿಯಲ್ಲಿ ಬಿದ್ದಿದ್ದು ಗೋಡೆಯಲ್ಲಿ ಬೇಕಾದಷ್ಟು ಪ್ಲಗ್ ಪಾಯಿಂಟ್ ಇಲ್ಲದ್ದಕ್ಕೆ. ಹತ್ತು ಗಂಟೆಗೆ ಜನ ತುಂಬುವ ವರಾಂಡವನ್ನು ಹತ್ತಕ್ಕೇ ಒರೆಸುವುದು, ಸಫಾಯಿ ಕೆಲಸದ ಹೆಣ್ಣುಮಗಳು ಬೇಗ ಬರಲು ಬೀಗದ ಕೈ ಆಕೆಯ ಬಳಿ ಇಲ್ಲದ್ದಕ್ಕೆ. ಜಾಗರೂಕತೆ ಇರಲಿ, ಆದರೆ ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ, ಒಂದು ಸಲವೂ ತಪ್ಪದೆ ಜಾಗರೂಕವಾಗಿರುವ ಮನುಷ್ಯ ಎಲ್ಲೂ ಇಲ್ಲ. ಮೂರನೆಯದು, ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’. ಈ ಮಾತನ್ನು ಸಿಂಧನೂರಿನ ರೈತರ ಮುಂದೆ ಆಡಿ ನೋಡಬೇಕು. ಅವರ ಗದ್ದೆಗೆ ಎಡದಂಡೆ ಕಾಲುವೆಯಲ್ಲಿ ನೀರು ಕಳಿಸುವ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಲ್ಲಿಯವರೆಗಿನ ದಶಕಗಳಲ್ಲಿ ಆ ಗೇಟಿಗೆ ಏನೂ ಆಗಿರಲಿಲ್ಲ. ಆಮೇಲೆ ತಜ್ಞರು ಹೇಳಿದ್ದು 33 ಗೇಟುಗಳನ್ನೂ ಬದಲಿಸಬೇಕೆಂದು. ಕಬ್ಬಿಣಕ್ಕೂ ಕೊಕ್ಕೆಗೂ ಆಯುಸ್ಸು ಇದೆ, ಅದು ಮುಗಿಯುವ ದಿನ ಮುಂಚಿತವಾಗಿ ಹೇಳಿ ಬರುವುದಿಲ್ಲ.

ಹಣವಿಲ್ಲ ಎಂಬ ಆಕ್ಷೇಪಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಸಣ್ಣ ಕಚೇರಿಯ ಕೈಯಲ್ಲಿ ಸಾದಿಲ್ವಾರು ವೆಚ್ಚದ ಹಣ ಕಡಿಮೆ, ನಿಜ. ಆದರೆ ಮುರಿದ ಕುರ್ಚಿ ಬಳಕೆಯಲ್ಲಿ ಉಳಿಯುವುದು ಹೊಸದು ಕೊಳ್ಳಲಾಗದ್ದಕ್ಕಿಂತ ಹಳೆಯದನ್ನು ಬಿಸಾಡಲಾಗದ್ದಕ್ಕೆ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತಿದ ವಸ್ತುವನ್ನು ನಿರುಪಯುಕ್ತವೆಂದು ಘೋಷಿಸಿ, ಮೇಲಿನವರ ಮಂಜೂರಾತಿ ಪಡೆದು, ಹರಾಜು ಹಾಕುವವರೆಗೆ ಅದು ಲೆಕ್ಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಆಡಿಟ್ ಆಕ್ಷೇಪಣೆ. ಹೀಗಾಗಿ ಮುರಿದ ಟೇಬಲ್ಲು ಮೆಟ್ಟಿಲಿನ ಕೆಳಗೆ, ಹಾಳಾದ ಕುರ್ಚಿ ಬೆಂಕಿ ಬಿದ್ದಾಗ ಓಡಬೇಕಾದ ಬಾಗಿಲಿಗೆ ಅಡ್ಡ, ಕೆಟ್ಟ ಯುಪಿಎಸ್ ಮೂಲೆಯಲ್ಲಿ. ಸರ್ಕಾರದ ಆಸ್ತಿ ಕಾಯುವ ನಿಯಮ ಸರ್ಕಾರದ ಕೆಲಸಗಾರರನ್ನು ಗಾಯಗೊಳಿಸುತ್ತಿದೆ. ವರ್ಷಕ್ಕೊಮ್ಮೆ ತಾಲ್ಲೂಕಿನ ಎಲ್ಲ ಇಲಾಖೆಗಳ ನಿರುಪಯುಕ್ತ ಪೀಠೋಪಕರಣವನ್ನು ಒಂದೇ ದಿನ, ಒಂದೇ ಆವರಣಕ್ಕೆ ತಂದು ಒಟ್ಟಿಗೆ ಹರಾಜು ಹಾಕಿದರೆ ಗುಜರಿಯಿಂದ ಬರುವ ಹಣದಲ್ಲೇ ಬೋಲ್ಟು, ಏಣಿಗಳ ಖರ್ಚಿನ ಒಂದು ಪಾಲು ಹುಟ್ಟುತ್ತದೆ. ಹೊಸದು ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಕೆಲಸದ ಕುರ್ಚಿಯ ಮಾನಕ ಐಎಸ್ 17631, ಕಪಾಟುಗಳ ಮಾನಕ ಐಎಸ್ 17634 ಇವೆ. ಟೆಂಡರಿನಲ್ಲಿ ಆ ಸಂಖ್ಯೆಗಳನ್ನು ಬರೆಯಲು ಹಣ ಬೇಕಿಲ್ಲ. ಅತಿ ಕಡಿಮೆ ದರಕ್ಕೆ ಕೊಟ್ಟವನ ಕುರ್ಚಿ ಎರಡು ವರ್ಷಕ್ಕೆ ಮುರಿದರೆ ಅದು ಅಗ್ಗದ ಖರೀದಿಯಲ್ಲ.

ಕಚೇರಿ ಮುಖ್ಯಸ್ಥರು ಬಾಯಿಬಿಟ್ಟು ಹೇಳದ ಇನ್ನೊಂದು ಅಳುಕು ಇದೆ: ಬರೆದಿಟ್ಟರೆ ನಾಳೆ ಅದೇ ನಮ್ಮ ಮೇಲೆ ಸಾಕ್ಷಿಯಾದೀತು. ಈ ಭಯವನ್ನು ಹಗುರವಾಗಿ ತಳ್ಳಿಹಾಕಲಾರೆ. ಅದಕ್ಕೇ ಆ ಪುಸ್ತಕದಲ್ಲಿ ‘ಯಾರ ತಪ್ಪು’ ಎಂಬ ಕಾಲಂ ಇರಕೂಡದು. ದಿನಾಂಕ, ಜಾಗ, ಯಾವ ವಸ್ತು, ಏನಾಯಿತು, ಏನು ಸರಿಪಡಿಸಿದರು, ಎಂದು ಸರಿಪಡಿಸಿದರು, ಇಷ್ಟೇ ಸಾಕು. ಬಿದ್ದು ಗಾಯವಾದದ್ದಷ್ಟೇ ಅಲ್ಲ, ಬೀಳುವುದರಲ್ಲಿ ತಪ್ಪಿಸಿಕೊಂಡದ್ದನ್ನೂ ಬರೆಯಬೇಕು, ಕೂಲರು ‘ಸ್ವಲ್ಪ ಜುಮ್ ಅಂತು’ ಎಂದವರ ಮಾತು ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದು. ಬರೆದೂ ಸರಿಪಡಿಸದಿದ್ದರೆ ಮುಖ್ಯಸ್ಥರು ಉತ್ತರಿಸಬೇಕು. ಬರೆದು, ಸರಿಪಡಿಸಲು ಮೇಲೆ ಪತ್ರ ಹಾಕಿದ್ದರೆ ಅದೇ ಅವರಿಗೆ ರಕ್ಷಣೆ. ಪರಿಹಾರ ಕೇಳುವ ಕೆಲಸಗಾರನಿಗೂ ಗಾಯ ಕೆಲಸದ ವೇಳೆಯಲ್ಲಿ, ಕೆಲಸದ ಕಾರಣಕ್ಕೇ ಆಯಿತೆಂದು ತೋರಿಸಲು ಇದಕ್ಕಿಂತ ಗಟ್ಟಿ ದಾಖಲೆ ಬೇರೆ ಸಿಗದು. ಹಟ್ಟಿಯಂಥ ಗಣಿಯಲ್ಲಿ ನಡೆದು ಬಂದ ಪದ್ಧತಿಯನ್ನು ಕೆಲವೇ ಮೈಲಿ ದೂರದ ಲಿಂಗಸುಗೂರು ಕಚೇರಿಗಳಿಗೆ ತರಲು ಹೊರಗಿನ ಸಲಹೆಗಾರರು ಬೇಕಾಗಿಲ್ಲ. ಗಣಿಯ ಸುರಕ್ಷತಾ ಅಧಿಕಾರಿಗಳನ್ನೇ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಕರೆದು, ಭಾಷಣದ ಬದಲು ಕಚೇರಿಯ ಕೋಣೆ ಕೋಣೆಗೂ ಕರೆದೊಯ್ದು ಏನು ಸರಿಯಿಲ್ಲ ಎಂದು ಹೇಳಿಸಬಹುದು. ಕೂಲರು ಹೊರಬರುವ ಹೊತ್ತೂ ಅದೇ.

ಸಿಂಧನೂರಿನಲ್ಲಿ ಇದನ್ನು ಎಪಿಎಂಸಿಯಿಂದ ಆರಂಭಿಸಬಹುದು. ಭತ್ತದ ಸುಗ್ಗಿಯಲ್ಲಿ ದಲಾಲಿ ಅಂಗಡಿಗಳಲ್ಲಿ ಗುಮಾಸ್ತರು, ಹಮಾಲರು, ರೈತರು ಒಂದೇ ಇಕ್ಕಟ್ಟಿನಲ್ಲಿ ಓಡಾಡುವಾಗ ತೂಕದ ಯಂತ್ರದ ವೈರು, ಕೂಲರು, ಒದ್ದೆ ನೆಲ ಎಲ್ಲವೂ ಅಲ್ಲೇ ಇರುತ್ತವೆ. ಅಂಗಡಿಗೊಂದು ಪುಸ್ತಕ ಇಡಲಾಗದಿದ್ದರೆ ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ಎಲ್ಲರಿಗೂ ಸೇರಿ ಒಂದು ಇರಲಿ. ಮಸ್ಕಿಯದು ಬೇರೆ ಸ್ಥಿತಿ, ಅದು ಇದ್ದುದರಲ್ಲಿ ಅನುಕೂಲದ ಸ್ಥಿತಿ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಾಡಿದ ಹೊಸ ತಾಲ್ಲೂಕು ಅದು. ಹಳೆಯ ಕಟ್ಟಡದಲ್ಲಿ ಗೋಡೆ ಒಡೆದು ಮಾಡಬೇಕಾದದ್ದನ್ನು ಹೊಸ ಕಚೇರಿಯಲ್ಲಿ ನಕ್ಷೆಯಲ್ಲೇ ಮಾಡಬಹುದು. ಅಲ್ಲಿ ಕಟ್ಟುವ ಪ್ರತಿ ಸರ್ಕಾರಿ ಕಟ್ಟಡದ ಅಂದಾಜು ಪಟ್ಟಿಯಲ್ಲಿ ಮೇಜಿಗೆರಡು ಗೋಡೆಯ ಪ್ಲಗ್ ಪಾಯಿಂಟು, ಮುಖ್ಯ ಬೋರ್ಡಿನಲ್ಲಿ ಆರ್‌ಸಿಸಿಬಿ, ನೀರು ಹೊಯ್ಯಲು ಪೈಪು ಬಿಟ್ಟ ಅರ್ಥಿಂಗ್ ಗುಂಡಿ, ರೆಕಾರ್ಡ್ ರೂಮಿನ ರ‍್ಯಾಕುಗಳಿಗೆ ಗೋಡೆಯ ಬಿಗಿತ ಮತ್ತು ಒಂದು ಏಣಿ, ಈ ಐದನ್ನು ಸೇರಿಸಲು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ಗೆ ಬೇಕಿರುವುದು ಒಂದು ಹೆಚ್ಚುವರಿ ಪುಟ. ಆ ಪುಟವಿಲ್ಲದ ಅಂದಾಜು ಪಟ್ಟಿಗೆ ಜಿಲ್ಲಾಡಳಿತ ಮಂಜೂರಾತಿ ಕೊಡಬಾರದು.